ಗೋವೆಯ ದಫ್ತರದಲ್ಲಿ ನಮ್ಮ ಕರಾವಳಿ: ಪಾಂಡುರಂಗ ಪಿಸುರ್ಲೇಕರ್



ಗ್ರಂಥಾಲಯ, ವಸ್ತುಸಂಗ್ರಹಾಲಯ, ಪತ್ರಾಗಾರ ಇಂಥ ಕಡೆ ಕೂತು ದುಡಿದ ಒಬ್ಬರ ಬದುಕಿನ ಮೇಲೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿಯ ನಿಬಂಧನೆ. ದತ್ತಿ ಇಟ್ಟವರ ಆಲೋಚನೆ ನನಗೆ ಬಹಳ ಹಿಡಿಸಿತು. ಇತಿಹಾಸ ಬರೆದವರಿಗೆ ಹಾರ ಹಾಕುವ ಸಭೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಇತಿಹಾಸಕ್ಕೆ ಬೇಕಾದ ಕಾಗದಗಳನ್ನು ಗೆದ್ದಲಿನ ಬಾಯಿಂದ ಬಿಡಿಸಿ ತಂದು, ಓದಿ, ಪಟ್ಟಿ ಮಾಡಿಟ್ಟವರ ಹೆಸರು ಮುನ್ನುಡಿಯ ಕೊನೆಯ ಪ್ಯಾರಾದಲ್ಲಿ ಬಂದರೆ ಹೆಚ್ಚು.

ನಾನು ಆರಿಸಿಕೊಂಡಿರುವವರು ಕನ್ನಡಿಗರಲ್ಲ. ಹೆಸರು ಪಾಂಡುರಂಗ ಸಖಾರಾಮ ಶೆಣ್ವಿ ಪಿಸುರ್ಲೇಕರ್. 1930ರ ದಶಕದ ಆರಂಭದಿಂದ 1961ರವರೆಗೆ ಗೋವೆಯ ಪತ್ರಾಗಾರ ಅವರ ಉಸ್ತುವಾರಿಯಲ್ಲಿತ್ತು. ಬರೆದದ್ದು ಬಹುಮಟ್ಟಿಗೆ ಪೋರ್ಚುಗೀಸಿನಲ್ಲಿ, ಮರಾಠಿಯಲ್ಲಿ. ಹಾಗಿದ್ದೂ ಸದಾಶಿವಗಡದಿಂದ ಉಳ್ಳಾಲದವರೆಗಿನ ನಮ್ಮ ಕಡಲಂಚಿನ 16, 17, 18ನೆಯ ಶತಮಾನಗಳ ಬಗ್ಗೆ ಕೆಲಸ ಮಾಡುವವರು ಯಾರೂ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅದೇಕೆ ಎಂದು ವಿವರಿಸುವುದಷ್ಟೇ ಇವತ್ತಿನ ನನ್ನ ಕೆಲಸ.

ಪಿಸುರ್ಲೇಕರ್ ಹುಟ್ಟಿದ್ದು 1894ರ ಮೇ 30ರಂದು, ಸತ್ತರಿ ತಾಲೂಕಿನ ಪಿಸುರ್ಲೆಯಲ್ಲಿ. ಸತ್ತರಿ ಅಂದರೆ ನಮ್ಮ ಖಾನಾಪುರದ ಘಟ್ಟ ಇಳಿದರೆ ಸಿಗುವ ನಾಡು. ಮಹದಾಯಿ ಹರಿಯುವುದು ಅಲ್ಲೇ. ಇಂದು ಪಿಸುರ್ಲೆ ಎಂದರೆ ಜನಕ್ಕೆ ನೆನಪಾಗುವುದು ಕಬ್ಬಿಣದ ಅದಿರಿನ ಗಣಿ. ಗೋವೆಯ ಎಲ್ಲ ಭಾಗಗಳೂ ಒಂದೇ ಕಾಲಕ್ಕೆ ಪೋರ್ಚುಗೀಸರ ಕೈಗೆ ಹೋದವಲ್ಲ. ತಿಸ್ವಾಡಿ, ಸಾಷ್ಟಿ, ಬಾರ್ದೇಶಗಳು 16ನೆಯ ಶತಮಾನದಲ್ಲೇ ಹೋದವು. ಸತ್ತರಿಯಂಥ ಒಳನಾಡು ಅವರಿಗೆ ದಕ್ಕಿದ್ದು 18ನೆಯ ಶತಮಾನದಲ್ಲಿ, ಅದೂ ಅರೆಬರೆ. ಅಲ್ಲಿನ ಪಾಳೆಯಗಾರ ಮನೆತನವಾದ ರಾಣೆಯವರು ದಂಗೆ ಏಳುತ್ತಲೇ ಇದ್ದರು. ಆ ಸಾಲಿನ ದೊಡ್ಡ ದಂಗೆಯೊಂದು 1895ರದ್ದು. ಮುಂದೆ ಸರಕಾರದ ಕಾಗದಗಳನ್ನೆಲ್ಲ ಕಾಯಲಿದ್ದ ಕೂಸಿಗೆ ಆಗ ವರ್ಷ ಒಂದು.

ಗೋವೆಯ ಹಿಂದೂಗಳಿಗೆ ಸರಕಾರಿ ಹುದ್ದೆಗಳ ಬಾಗಿಲು ಸಮನಾಗಿ ತೆರೆದದ್ದು 1910ರಲ್ಲಿ, ಪೋರ್ಚುಗಲ್ಲಿನಲ್ಲಿ ರಾಜನನ್ನು ಇಳಿಸಿ ಗಣರಾಜ್ಯ ಬಂದ ಮೇಲೆ. ಆಗ ಇವರಿಗೆ ಹದಿನಾರು. ಒಂದು ತಲೆಮಾರು ಮುಂಚೆ ಹುಟ್ಟಿದ್ದರೆ ಎಷ್ಟೇ ಪಂಡಿತರಾಗಿದ್ದರೂ ಪತ್ರಾಗಾರದ ಮುಖ್ಯಸ್ಥರ ಕುರ್ಚಿ ಇವರ ಪಾಲಿಗೆ ಬರುತ್ತಿರಲಿಲ್ಲ. ಪ್ರತಿಭೆಯ ಮಾತು ಆಡುವಾಗ ಈ ಲೆಕ್ಕವನ್ನೂ ಇಡಬೇಕು.

ಈಗ ಆ ದಫ್ತರದ ಕಡೆಗೆ ಬರೋಣ. ಅದನ್ನು ತಿಳಿಯದೆ ಈ ಮನುಷ್ಯ ಅರ್ಥವಾಗುವುದಿಲ್ಲ.

ಗೋವೆಯಲ್ಲಿ ಪತ್ರಾಗಾರವನ್ನು ಕ್ರಮವಾಗಿ ನಿಲ್ಲಿಸಿದ್ದು 1595ರಲ್ಲಿ. ಆಗ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆ ಫಿಲಿಪ್‌ನ ತಲೆಯ ಮೇಲಿತ್ತು. ಅವನು ನೇಮಿಸಿದ ಮೊದಲ ದಫ್ತರದಾರ ದಿಯೋಗು ದು ಕೌತು. ಹದಿನೇಳರ ವಯಸ್ಸಿಗೆ, 1559ರಲ್ಲಿ, ಸಿಪಾಯಿಯಾಗಿ ಈ ಕಡೆ ಬಂದವನು. ಒಮ್ಮೆ ಊರಿಗೆ ಹೊರಟಾಗ ಮೊಜಾಂಬಿಕ್‌ನಲ್ಲಿ ಮಹಾಕವಿ ಕಮೋಯಿಶ್ ಗೆಳೆಯರ ಅನ್ನದಲ್ಲಿ ಬದುಕುತ್ತಿದ್ದುದನ್ನು ಕಂಡು, ಉಳಿದವರೊಡನೆ ಹಣ ಕೂಡಿಸಿ ಅವನನ್ನು ಹಡಗು ಹತ್ತಿಸಿದವನು ಇವನೇ. ಏಷ್ಯಾದಲ್ಲಿ ಪೋರ್ಚುಗೀಸರ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆದ. ಆ ಸಂಪುಟಗಳ ಪಾಡು ಕೇಳಿ: ಒಂದರ ಪ್ರತಿಗಳು ಲಿಸ್ಬನ್ನಿನ ಮುದ್ರಕನ ಮನೆಯ ಬೆಂಕಿಯಲ್ಲಿ ಸುಟ್ಟವು, ಇನ್ನೊಂದನ್ನು ಹೊತ್ತ ಹಡಗು ಶತ್ರುಗಳ ಪಾಲಾಯಿತು, ಎರಡನ್ನು ಅವನು ಕಾಯಿಲೆ ಬಿದ್ದಿದ್ದಾಗ ಮನೆಯಿಂದಲೇ ಯಾರೋ ಕದ್ದರು. ಮುದುಕ ನೆನಪಿನಿಂದ, ಉಳಿದ ಟಿಪ್ಪಣಿಗಳಿಂದ ಮತ್ತೆ ಬರೆದ. 1616ರಲ್ಲಿ ಗೋವೆಯಲ್ಲೇ ತೀರಿಕೊಂಡ.

ಕೌತು ಆದ ಮೇಲೆ ಸುಮಾರು ಎರಡೂವರೆ ಶತಮಾನ ಕಳೆದು ಎರಡನೆಯ ದೊಡ್ಡ ಹೆಸರು ಬರುತ್ತದೆ. ಜೊವಾಕಿಂ ಎಲಿಯೋದೋರು ದ ಕುನ್ಯ ರಿವಾರ, ಪೋರ್ಚುಗಲ್ಲಿನ ಎವೊರಾ ಊರಿನ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲ, 1855ರಲ್ಲಿ ಸರಕಾರದ ಕಾರ್ಯದರ್ಶಿಯಾಗಿ ಗೋವೆಗೆ ಬಂದ. ಕೊಂಕಣಿ ಭಾಷೆಯ ಇತಿಹಾಸದ ಮೇಲೆ ಅವನು 1858ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಕೊಂಕಣಿಗರು ಇಂದಿಗೂ ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೆಲಸ, 1857ರಿಂದ ಕಂತು ಕಂತಾಗಿ ಅವನು ಅಚ್ಚು ಹಾಕಿಸಿದ ಹಳೆಯ ದಾಖಲೆಗಳ ಸಂಕಲನ. ಗ್ರಂಥಪಾಲನಾಗಿ ಪಳಗಿದ ಕೈ ಆಡಳಿತಗಾರನ ಅಧಿಕಾರದೊಡನೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ದಫ್ತರದ ಬೆನ್ನೆಲುಬು ‘ಮಾನ್ಸೂನ್ ಪುಸ್ತಕಗಳು’. ಹೆಸರು ಕೇಳಲು ಚಂದ, ಹಿಂದೆ ಇರುವುದು ಗಾಳಿಯ ಲೆಕ್ಕ. ಲಿಸ್ಬನ್ನಿನಿಂದ ಹಡಗುಗಳು ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊರಟರೆ ನಮ್ಮಲ್ಲಿ ನೂಲು ಹುಣ್ಣಿಮೆ ಕಳೆದು ಕಡಲು ತೆರೆದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಗೋವೆ ಮುಟ್ಟಬೇಕು. ತಿರುಗಿ ಹೊರಡುವುದು ಡಿಸೆಂಬರ್–ಜನವರಿಯ ಗಾಳಿಗೆ. ವೈಸರಾಯ್ ಒಂದು ಪ್ರಶ್ನೆ ಕೇಳಿದರೆ ದೊರೆಯ ಉತ್ತರ ಕೈ ಸೇರಲು ಒಂದೂವರೆ ವರ್ಷದ ಮೇಲಾಗುತ್ತಿತ್ತು. ಹಡಗು ಮುಳುಗಬಹುದು, ಶತ್ರು ಹಿಡಿಯಬಹುದು. ಆದ್ದರಿಂದ ಒಂದೇ ಪತ್ರದ ಎರಡು ಮೂರು ಪ್ರತಿ ಬರೆಸಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಹೀಗೆ ಗಾಳಿಯ ಹಂಗಿಗೆ ಕಟ್ಟುಬಿದ್ದ ಪತ್ರವ್ಯವಹಾರವನ್ನು ವರ್ಷವಾರು ಹೊಲಿದು ಕಟ್ಟಿದ ಸಂಪುಟಗಳು ಇವು. ದೊರೆಯ ಅಪ್ಪಣೆ, ವೈಸರಾಯಿಯ ವರದಿ, ಪಾದ್ರಿಗಳ ತಕರಾರು, ವಿಧವೆಯೊಬ್ಬಳ ಪಿಂಚಣಿ ಅರ್ಜಿ ಎಲ್ಲವೂ ಒಂದರ ಬೆನ್ನಿಗೆ ಒಂದು.

ಇದಲ್ಲದೆ ‘ನೆರೆಯ ಅರಸರು’ ಎಂಬ ಇನ್ನೊಂದು ಸಾಲಿದೆ. ಕೆಳದಿ, ಸೋಂದೆ, ಬಿಜಾಪುರ, ಮರಾಠರು, ಅರಬರು, ಇವರಿಗೆಲ್ಲ ಗೋವೆಯಿಂದ ಹೋದ ಪತ್ರಗಳ ನಕಲುಗಳು ಅದರಲ್ಲಿವೆ. ಒಪ್ಪಂದಗಳದ್ದು ಬೇರೆ ಸಾಲು. ಕಡಲಿನ ರಹದಾರಿಗಳ ಪುಸ್ತಕ ಇನ್ನೊಂದು.

ಆ ರಹದಾರಿಯ ವಿಷಯ ಸ್ವಲ್ಪ ನಿಂತು ನೋಡುವಂಥದು. ‘ಕಾರ್ತಾಸ್’ ಎಂದು ಅದಕ್ಕೆ ಹೆಸರು. ಬಸ್ರೂರಿನ ಸೆಟ್ಟಿಯೊಬ್ಬ ಅಕ್ಕಿ ತುಂಬಿ ಮಸ್ಕತ್ತಿಗೆ ಹಡಗು ಬಿಡಬೇಕಾದರೆ ಪೋರ್ಚುಗೀಸರಿಂದ ಈ ಚೀಟಿ ಪಡೆಯಬೇಕು. ಹಡಗಿನ ಹೆಸರು, ಒಡೆಯ ಯಾರು, ನಖುದಾ ಯಾರು, ಎಷ್ಟು ಭಾರ ಹೊರುತ್ತದೆ, ಫಿರಂಗಿ ಎಷ್ಟಿವೆ, ಎಲ್ಲಿಗೆ ಪಯಣ, ಏನನ್ನು ಹೇರುವಂತಿಲ್ಲ, ಎಲ್ಲ ಅದರಲ್ಲಿ ನಮೂದಾಗುತ್ತಿತ್ತು. ಚೀಟಿ ಇಲ್ಲದ ಹಡಗನ್ನು ಹಿಡಿದರೆ ಸರಕು ಜಪ್ತಿ. ಅರಬ್ಬಿ ಸಮುದ್ರ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ ಎಂದು ನಮ್ಮವರು ಶತಮಾನಗಳಿಂದ ತಿರುಗಾಡಿಕೊಂಡಿದ್ದ ಕಡೆ ಇದು ಶುದ್ಧ ದಬ್ಬಾಳಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಬ್ಬಾಳಿಕೆ ಮಾಡುವವನು ಲೆಕ್ಕ ಬರೆದಿಡುತ್ತಾನೆ. ನಮ್ಮ ನಖುದಾಗಳ ಹೆಸರು ಇಂದು ಸಿಗುವುದು ಆ ಲೆಕ್ಕದಲ್ಲಿ.

ಕೆಳದಿಯ ಕಡೆಯ ದಫ್ತರ ಎಲ್ಲಿ ಎಂದು ನೀವು ಕೇಳಬಹುದು. 1763ರಲ್ಲಿ ಹೈದರ್ ಅಲಿ ರಾಜಧಾನಿ ಬಿದನೂರನ್ನು ಹಿಡಿದಾಗ ರಾಜ್ಯವೇ ಮುಗಿಯಿತು. ಲಿಂಗಣ್ಣನ ‘ಕೆಳದಿನೃಪವಿಜಯ’ ಉಳಿಯಿತು, ಬಸವಭೂಪಾಲನ ‘ಶಿವತತ್ತ್ವರತ್ನಾಕರ’ ಉಳಿಯಿತು, ಶಾಸನಗಳು ಉಳಿದವು. ಊರೂರು ಅಲೆದು ಓಲೆಗರಿ, ಕಡತ ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಕಟ್ಟಿದ ಗುಂಡಾ ಜೋಯಿಸರಂಥವರ ಪುಣ್ಯದಿಂದ ಇನ್ನಷ್ಟು ಉಳಿಯಿತು. ಅವರ ಬಗ್ಗೆ ಇದೇ ದತ್ತಿಯಲ್ಲಿ ಯಾರಾದರೂ ಮಾತಾಡಲೇಬೇಕು. ಆದರೆ ಅರಮನೆಯ ದಿನದಿನದ ರಾಜತಂತ್ರದ ಕಾಗದ, ಬಂದರಿನ ಸುಂಕದ ಲೆಕ್ಕ, ಇವುಗಳಿಗೆ ನಾವು ಎದುರಾಳಿಯ ಮನೆಯ ಕಪಾಟನ್ನೇ ತಡಕಬೇಕು.

ಆ ಕಪಾಟಿನ ಸ್ಥಿತಿ ಹೇಗಿತ್ತು? ಕಡಲತೀರದ ತೇವ, ಗೆದ್ದಲು, ಕಾಗದವನ್ನೇ ತಿಂದು ತೂತು ಮಾಡುವ ಹಳೆಯ ಕಬ್ಬಿಣದ ಶಾಯಿ. ಸಾಲದ್ದಕ್ಕೆ 1777ರಲ್ಲಿ ಲಿಸ್ಬನ್ನಿನಿಂದ ಅಪ್ಪಣೆಯಾಗಿ ಮಾನ್ಸೂನ್ ಪುಸ್ತಕಗಳ 62 ಸಂಪುಟ, ಅಂದರೆ ಸುಮಾರು 17ನೆಯ ಶತಮಾನದ ಮೊದಲರ್ಧದ ಮುಖ್ಯ ಭಾಗ, ಹಡಗೇರಿ ಹೋಯಿತು. ಅವು ಈಗಲೂ ಲಿಸ್ಬನ್ನಿನಲ್ಲೇ ಇವೆ. ಕೆಳದಿಯ ವೆಂಕಟಪ್ಪ ನಾಯಕನ ಕಾಲದ ಪತ್ರ ಹುಡುಕುವವರು ಒಂದು ಕಣ್ಣು ಪಣಜಿಯಲ್ಲಿ, ಇನ್ನೊಂದು ಕಣ್ಣು ಲಿಸ್ಬನ್ನಿನಲ್ಲಿ ಇಡಬೇಕಾಗಿರುವುದು ಇದರಿಂದ. 1925ರಲ್ಲಿ ಸುರೇಂದ್ರನಾಥ ಸೇನರು ಗೋವೆಯ ದಾಖಲೆಗಳ ಬಗ್ಗೆ ಪ್ರಾಥಮಿಕ ವರದಿಯೊಂದನ್ನು ಕಲ್ಕತ್ತೆಯಿಂದ ಪ್ರಕಟಿಸಿದ ಮೇಲೆ ಬ್ರಿಟಿಷ್ ಭಾರತದ ವಿದ್ವಾಂಸರಿಗೆ ಈ ನಿಧಿಯ ಸುಳಿವು ಹತ್ತಿತು. ಆದರೆ ಸುಳಿವು ಸಿಕ್ಕರೆ ಆಯಿತೇ? ಹೋದವನಿಗೆ ಯಾವ ಕಟ್ಟು ಬಿಚ್ಚಬೇಕೆಂದು ಹೇಳುವವರು ಬೇಕಲ್ಲ.

ಪಿಸುರ್ಲೇಕರ್ ಆ ಹೊತ್ತಿಗಾಗಲೇ ಬರೆಯತೊಡಗಿದ್ದರು. ಪಣಜಿಯ ವಾಸ್ಕೋ ದ ಗಾಮಾ ಸಂಸ್ಥೆಯ ಪತ್ರಿಕೆಯಲ್ಲಿ ಪೋರ್ಚುಗೀಸರು ಮತ್ತು ಮರಾಠರ ಸಂಬಂಧದ ಬಗ್ಗೆ 1920ರ ದಶಕದಿಂದ ಲೇಖನಮಾಲೆ ಶುರುವಾಯಿತು. ಅದರಿಂದ ಬೆಳಕಿಗೆ ಬಂದ ಸಂಗತಿಗಳಲ್ಲಿ ಕಡಲಿಗೆ ಸಂಬಂಧಿಸಿದ್ದೊಂದನ್ನು ಹೇಳುತ್ತೇನೆ. 1659ರಲ್ಲಿ ಶಿವಾಜಿ ಕಲ್ಯಾಣ–ಭಿವಂಡಿ ಕಡೆ ಹಡಗು ಕಟ್ಟಿಸುತ್ತಿದ್ದ. ಕೆಲಸದ ಮೇಲೆ ರುಯ್ ಲೇತಾಂವ್ ವಿಯೇಗಸ್ ಎಂಬ ಪೋರ್ಚುಗೀಸನೂ ಅವನ ಕಡೆಯ ಜನರೂ ಇದ್ದರು. ವಸಯಿಯ ಪೋರ್ಚುಗೀಸ್ ಅಧಿಕಾರಿಗೆ ಇದು ತಿಳಿದು, ಅವರನ್ನೆಲ್ಲ ಒಲಿಸಿ ಕೆಲಸ ಬಿಟ್ಟು ಬರುವಂತೆ ಮಾಡಿದ. ಮರಾಠಾ ನೌಕಾಪಡೆಯ ಹುಟ್ಟಿನ ಬಗ್ಗೆ ಇಷ್ಟು ಹಸಿಯಾದ ವಿವರ ಬಖರುಗಳಲ್ಲಿ ಸಿಗುವುದಿಲ್ಲ. ಅದೇ ನೌಕಾಪಡೆ ಆರೇ ವರ್ಷದಲ್ಲಿ, 1665ರ ಫೆಬ್ರವರಿಯಲ್ಲಿ, ನಮ್ಮ ಬಸ್ರೂರಿಗೆ ಬಂದು ಲೂಟಿ ಮಾಡಿ ಗೋಕರ್ಣದ ದಾರಿಯಾಗಿ ಹಿಂದಿರುಗಿತು ಎಂಬುದನ್ನು ಸೇರಿಸಿಕೊಂಡು ಓದಿದರೆ ಕರಾವಳಿಯ ಚಿತ್ರ ಪೂರ್ತಿಯಾಗುತ್ತದೆ.

ಇವರ ಮುಖ್ಯ ಪುಸ್ತಕಗಳೆಲ್ಲ ಬಂದದ್ದು ವಯಸ್ಸು ಐವತ್ತೇಳರಿಂದ ಅರವತ್ತಮೂರರ ನಡುವೆ. 1951ರಲ್ಲಿ ಕೋಟೆಗಳ ಕಟ್ಟಳೆಗಳು, 1952ರಲ್ಲಿ ರಾಜತಂತ್ರದ ಮಧ್ಯಸ್ಥರ ಮೇಲಿನ ಗ್ರಂಥ, 1953ರಿಂದ 57ರವರೆಗೆ ರಾಜ್ಯಸಭೆಯ ನಡವಳಿಗಳ ಐದು ಸಂಪುಟ, ನಡುವೆ 1955ರಲ್ಲಿ ಪತ್ರಾಗಾರದ ಮಾರ್ಗದರ್ಶಿ. ಬಾರ್ದೇಶದ ಬಸ್ತೋಡೆಯಲ್ಲಿದ್ದ ರಂಗೇಲ್ ಮುದ್ರಣಾಲಯ ಎಂಬ ಹಳ್ಳಿಯ ಅಚ್ಚುಕೂಟದ ಪುಣ್ಯ ಇದರಲ್ಲಿ ದೊಡ್ಡದು. ಹಾಗೆ ನೋಡಿದರೆ ಇದು ಇಪ್ಪತ್ತು ವರ್ಷ ಕಟ್ಟು ಬಿಚ್ಚಿ ಓದಿದ್ದರ ಫಲ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಆ ಇಪ್ಪತ್ತು ವರ್ಷ ‘ದೊಡ್ಡ ಪ್ರಕಟಣೆ ಇಲ್ಲ’ ಎಂಬ ಷರಾ ಬೀಳುತ್ತಿತ್ತೇನೋ!

ಕೋಟೆಗಳ ಕಟ್ಟಳೆ ಅಂದರೆ ಏನು? ಯಾವ ಕೋಟೆಯಲ್ಲಿ ಯಾರಿಗೆ ಎಷ್ಟು ಸಂಬಳ, ಯಾವ ಖರ್ಚಿಗೆ ಎಷ್ಟು ಮಂಜೂರು ಎಂಬ ಪಟ್ಟಿ. ಮಂಗಳೂರನ್ನು ಪೋರ್ಚುಗೀಸರು 1568ರಲ್ಲೂ ಹೊನ್ನಾವರ ಮತ್ತು ಬಸ್ರೂರುಗಳನ್ನು ಅದರ ಮರುವರ್ಷವೂ ಹಿಡಿದು ಕೋಟೆ ಕಟ್ಟಿಕೊಂಡಿದ್ದರು. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಅವನ್ನು ಕಿತ್ತುಕೊಳ್ಳುವವರೆಗೆ ಸಾಮಾನ್ಯ ಎಂಬತ್ತು ವರ್ಷ ಅವು ಅವರ ಕೈಯಲ್ಲಿದ್ದವು. ಆ ಗೋಡೆಗಳೊಳಗೆ ಇದ್ದವರು ಬರೀ ಫರಂಗಿಗಳಲ್ಲ. ನಾಯಕರು, ಪೇದೆಗಳು, ದುಭಾಷಿಗಳು, ಕರಣಿಕರು ನಮ್ಮವರೇ. ಸಂಬಳದ ಪಟ್ಟಿ ಇಲ್ಲದಿದ್ದರೆ ಅವರು ಇದ್ದರೆಂಬುದೇ ಮರೆತುಹೋಗುತ್ತಿತ್ತು.

ನಡವಳಿಗಳ ಐದು ಸಂಪುಟ ಇವರ ದೊಡ್ಡ ಕೆಲಸ. 1618ರಿಂದ 1750ರವರೆಗೆ ಗೋವೆಯ ರಾಜ್ಯಸಭೆ ಕೂತು ಚರ್ಚಿಸಿದ್ದೆಲ್ಲ ಅವುಗಳಲ್ಲಿದೆ. ವೈಸರಾಯ್ ವಿಷಯ ಮಂಡಿಸುತ್ತಾನೆ, ಸದಸ್ಯರು ಒಬ್ಬೊಬ್ಬರೇ ತಮ್ಮ ಅಭಿಪ್ರಾಯ ಹೇಳುತ್ತಾರೆ, ಗುಮಾಸ್ತ ಬರೆದುಕೊಳ್ಳುತ್ತಾನೆ, ಎಲ್ಲರೂ ಸಹಿ ಹಾಕುತ್ತಾರೆ. ಮೊದಲ ಸಂಪುಟ ವೆಂಕಟಪ್ಪ ನಾಯಕನ ಕೊನೆಯ ದಶಕವನ್ನು ಪೂರ್ತಿ ಒಳಗೊಂಡಿದೆ. ಮಂಗಳೂರು ಕಡೆಯ ತುಂಡರಸ ಬಂಗರಸನಿಗೆ ಬೆಂಬಲ ಕೊಡಬೇಕೋ ವೆಂಕಟಪ್ಪನೊಡನೆ ರಾಜಿಯಾಗಬೇಕೋ ಎಂಬ ಗೋಜು ಆಗಿನದು. ಗೋವೆಯವರ ಕೈ ಕಟ್ಟಿಹಾಕಿದ್ದು ಎರಡು ಸಂಗತಿ: ಕೆನರಾದ ಕರಿಮೆಣಸು, ಅದಕ್ಕಿಂತ ಹೆಚ್ಚಾಗಿ ಕೆನರಾದ ಅಕ್ಕಿ. ನಮ್ಮ ಗದ್ದೆಗಳ ಅಕ್ಕಿ ಹೊತ್ತ ದೋಣಿಗಳ ಕಾಫಿಲಾ ಯುದ್ಧನೌಕೆಗಳ ಕಾವಲಿನಲ್ಲಿ ಗೋವೆ ಮುಟ್ಟದಿದ್ದರೆ ಆ ವರ್ಷ ಊರಿಗೆ ಊರೇ ಹಸಿಯಬೇಕು. ಹೊಟ್ಟೆ ಎದುರಾಳಿಯ ಕಣಜದಲ್ಲಿರುವಾಗ ಕತ್ತಿ ಎಷ್ಟು ದೂರ ಬೀಸಬಹುದು? ಸಮುದ್ರದ ಒಡೆತನದ ಬಡಾಯಿಯ ಹಿಂದೆ ಇದ್ದ ಈ ಭಯ ಅಧಿಕೃತ ಚರಿತ್ರೆಯಲ್ಲಿ ಕಾಣುವುದಿಲ್ಲ, ನಡವಳಿಯಲ್ಲಿ ಕಾಣುತ್ತದೆ. ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಬಸ್ರೂರಿನ ಅಕ್ಕಿ ವ್ಯಾಪಾರದ ಮೇಲೆ ಪ್ರಸಿದ್ಧ ಲೇಖನ ಬರೆದರು, ಗೋವಾ–ಕೆನರಾ ಸಂಬಂಧಗಳ ಮೇಲೆ ಬಿ. ಎಸ್. ಶಾಸ್ತ್ರಿಯವರು ಜೀವಮಾನದ ಕೆಲಸ ಮಾಡಿದರು. ಇವರೆಲ್ಲರಿಗೂ ಮುಂಚೆ ಆ ಗದ್ದೆಯಲ್ಲಿ ಕಳೆ ಕಿತ್ತವರು ಪಿಸುರ್ಲೇಕರ್.

ಆದರೆ ನನಗೆ ಹೆಚ್ಚು ಇಷ್ಟವಾದದ್ದು 1952ರ ಪುಸ್ತಕ, ಪೋರ್ಚುಗೀಸ್ ರಾಜತಂತ್ರದ ಹಿಂದೂ, ಮುಸ್ಲಿಂ, ಯಹೂದಿ, ಪಾರ್ಸಿ ಮಧ್ಯಸ್ಥರ ಬಗೆಗಿನದು. ಸಾಮ್ರಾಜ್ಯದ ಕಾಗದ ವೈಸರಾಯಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತದೆ. ಬಿದನೂರಿಗೆ, ರಾಯಗಡಕ್ಕೆ, ಬಿಜಾಪುರಕ್ಕೆ ಹೋಗಿ ಮಾತಾಡಿ ಬಂದವನ ಹೆಸರು ವಾಕ್ಯದ ನಡುವೆ ಎಲ್ಲೋ ಸುಳಿದು ಮಾಯವಾಗುತ್ತದೆ, ಅದೂ ಫರಂಗಿ ಕಾಗುಣಿತದಲ್ಲಿ ಗುರುತು ಸಿಗದಂತೆ. ಪಿಸುರ್ಲೇಕರರು ಸಾವಿರಾರು ಪುಟಗಳಿಂದ ಆ ಹೆಸರುಗಳನ್ನು ಹೆಕ್ಕಿ, ‘ಸಿನಾಯ್’ ಎಂದಿದ್ದ ಕಡೆ ಶೆಣ್ವಿಯನ್ನು ಗುರುತಿಸಿ, ಯಾರು ಯಾವ ಕಾಲದಲ್ಲಿ ಯಾವ ದರ್ಬಾರಿಗೆ ಹೋದರು ಎಂದು ಜೋಡಿಸಿದರು. ಶಿವಾಜಿಯ ಕಾಲದ ಸಂಧಾನಗಳಲ್ಲಿ ಓಡಾಡಿದ ರಾಮೋಜಿ ಶೆಣ್ವಿ ಕೊಠಾರಿಯಂಥವರಿಗೆ ಹೀಗೆ ಮುಖ ಬಂತು. ಪೋರ್ಚುಗೀಸ್, ಮರಾಠಿ, ಕೊಂಕಣಿ ಮೂರೂ ಬಲ್ಲ ಗೋವೆಯ ಮನುಷ್ಯನೇ ಮಾಡಬಹುದಾದ ಕೆಲಸ ಇದು. ಲಿಸ್ಬನ್ನಿನ ಪಂಡಿತರಿಗೆ ಆ ಹೆಸರುಗಳು ಕಣ್ಣಿಗೇ ಬೀಳುತ್ತಿರಲಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆ ಕೊಡುತ್ತೇನೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಬಂದ. ಅವನು ಬಂದದ್ದು ಪೋರ್ಚುಗೀಸ್ ರಾಯಭಾರಿಯ ಪರಿವಾರದಲ್ಲಿ. ಜೊತೆಗಿದ್ದ ಇನ್ನೊಬ್ಬ, ವೆಂಕಟಪ್ಪ ನಾಯಕನ ಪರವಾಗಿ ಗೋವೆಯಲ್ಲಿದ್ದ ವಿಠ್ಠಲ ಶೆಣೈ. ಇಕ್ಕೇರಿಯ ಬೀದಿ, ಅರಮನೆ, ಕೋಲಾಟ ಎಲ್ಲ ವರ್ಣಿಸಿದ ದೆಲ್ಲಾ ವಾಲ್ಲೆಯನ್ನು ನಾವು ಮತ್ತೆ ಮತ್ತೆ ಉದ್ಧರಿಸುತ್ತೇವೆ. ಆ ಪಯಣದ ನಿಜವಾದ ಕೆಲಸ ಹೊತ್ತಿದ್ದ ವಿಠ್ಠಲ ಶೆಣೈಯನ್ನು ಯಾರು ನೆನೆಯುತ್ತಾರೆ? ಕೊಂಕಣಿ ಮಾತಾಡುವ, ಕನ್ನಡದ ಅರಸನ ಉಪ್ಪು ತಿನ್ನುವ, ಫರಂಗಿಗಳ ಪಟ್ಟಣದಲ್ಲಿ ವಾಸಿಸುವ ಇಂಥವರು ಎರಡೂ ಕಡೆ ಬೇಕಾದವರು, ಎರಡೂ ಕಡೆ ಅನುಮಾನಕ್ಕೆ ಗುರಿಯಾದವರು. ಕರಾವಳಿಯ ರಾಜಕೀಯ ನಡೆದದ್ದು ಇವರ ನಾಲಿಗೆಯ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ.

ಪಿಸುರ್ಲೇಕರ್ ಕೂಡ ಒಂದು ಅರ್ಥದಲ್ಲಿ ಆ ವಂಶದವರೇ. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರನ ಸರಕಾರದ ಸಂಬಳ, ಲಿಸ್ಬನ್ನಿನ ವಿಜ್ಞಾನ ಅಕಾಡೆಮಿಯ ಮನ್ನಣೆ ಒಂದು ಕಡೆ. ಗಡಿಯಾಚೆ ಇತಿಹಾಸಕಾರ ಜದುನಾಥ ಸರ್ಕಾರರಂಥವರ ವಿದ್ವತ್‌ಸ್ನೇಹ ಇನ್ನೊಂದು ಕಡೆ. 1946ರ ಜೂನ್ 18ರಂದು ಸಮಾಜವಾದಿ ನಾಯಕ ಲೋಹಿಯಾ ಮಡಗಾಂವಿನಲ್ಲಿ ಪೋರ್ಚುಗೀಸ್ ಆಳ್ವಿಕೆಯ ವಿರುದ್ಧ ಸಭೆ ನಡೆಸಿದಾಗಲೂ, 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಒಳಬರುವ ಮೊದಲಿನ ಬಿಗಿ ವರ್ಷಗಳಲ್ಲೂ ಅವರ ಕೆಲಸ ಹಳೆಯ ಕಾಗದಗಳ ನಡುವೆ ಸಾಗಿತ್ತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಗೊಡವೆಗೆ ನಾನು ಹೋಗುವುದಿಲ್ಲ. ಪೋರ್ಚುಗೀಸ್ ಸರಕಾರದ ನೌಕರನಾಗಿದ್ದುಕೊಂಡೇ ಪೋರ್ಚುಗೀಸರನ್ನು ನಡುಗಿಸಿದ ಮರಾಠರ ಬಗ್ಗೆ ಸಾಲು ಸಾಲು ದಾಖಲೆ ಅಚ್ಚು ಹಾಕಿಸಿದರು ಎಂಬುದು ಮಾತ್ರ ನಮ್ಮ ಮುಂದಿದೆ.

ಆಕ್ಷೇಪಗಳೂ ಇವೆ, ಮುಚ್ಚಿಡಬಾರದು. ಅವರು ದಾಖಲೆಯನ್ನು ಮುಂದಿಟ್ಟು, ಟಿಪ್ಪಣಿ ಹಾಕಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ವಾದ ಕಟ್ಟುವುದು ಕಡಿಮೆ. ಇನ್ನೊಂದು: ದಫ್ತರದ ಭಾಷೆಗೆ ತನ್ನದೇ ವಿಷ ಇದೆ. ಚೀಟಿ ಇಲ್ಲದೆ ಹೊರಟ ಪ್ರತಿಯೊಬ್ಬ ಮಲಬಾರಿನ ನಾವಿಕನೂ ಅಲ್ಲಿ ಕಡಲ್ಗಳ್ಳ. ಕೆಳದಿಯ ಅರಸರ ಮಾತು ಕೂಡ ಬಹುಮಟ್ಟಿಗೆ ಪೋರ್ಚುಗೀಸ್ ಅನುವಾದದಲ್ಲೇ ನಮಗೆ ಕೇಳುತ್ತದೆ. 1678ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, ಆದ ಒಪ್ಪಂದದ ಷರತ್ತುಗಳನ್ನು ಓದುವಾಗ ಅಲ್ಲಿ ದಾಖಲಾದದ್ದು ಅವರಿಗೆ ಬೇಕಾದದ್ದು ಎಂಬ ಎಚ್ಚರ ಇರಬೇಕು. ದಾಖಲೆ ಕೊಟ್ಟವರು ಆ ಎಚ್ಚರವನ್ನೂ ಕೊಡಬೇಕಿತ್ತು ಎಂದು ಕೇಳುವುದು ನ್ಯಾಯವೇ. ಆದರೆ ದಾಖಲೆಯೇ ಕೈಯಲ್ಲಿಲ್ಲದಾಗ ಈ ಪ್ರಶ್ನೆ ಹುಟ್ಟುತ್ತಲೂ ಇರಲಿಲ್ಲ.

ಭಾಷೆಯ ಅಡ್ಡಗೋಡೆಯಿಂದ ಅವರಿಗೆ ಸಲ್ಲಬೇಕಾದ ಓದುಗರು ಸಿಗಲಿಲ್ಲ. ಪೋರ್ಚುಗೀಸ್ ಸಾಮ್ರಾಜ್ಯದ ಇತಿಹಾಸಕಾರ ಚಾರ್ಲ್ಸ್ ಬಾಕ್ಸರ್ 1952ರಲ್ಲಿ ಗೋವೆಯ ಪತ್ರಾಗಾರವನ್ನು ಇಂಗ್ಲಿಷ್ ಬಲ್ಲವರಿಗೆ ಪರಿಚಯಿಸಿ ಬರೆದರು. ಮರಾಠರ ಮೇಲಿನ ಲೇಖನಮಾಲೆ ಇಂಗ್ಲಿಷಿಗೆ ಬಂದು ಪುಸ್ತಕವಾದದ್ದು 1975ರಲ್ಲಿ, ಮುಂಬಯಿಯಿಂದ. ಆಗ ಅವರಿಲ್ಲ. 1969ರ ಜುಲೈ 10ರಂದು ತೀರಿಕೊಂಡಿದ್ದರು. ಅವರ ಸ್ವಂತ ಪುಸ್ತಕಸಂಗ್ರಹ ಇಂದು ಗೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರದೇ ಹೆಸರಿನಲ್ಲಿದೆ.

ಸಭೆಯಲ್ಲಿ ಇತಿಹಾಸದ ವಿದ್ಯಾರ್ಥಿಗಳು ಕೂತಿರುವುದು ಕಾಣುತ್ತಿದೆ. ನಿಮಗಾಗಿ ಒಂದೆರಡು ಮಾತು. ಗೋವೆ ದೂರವಲ್ಲ, ಕಾರವಾರದಿಂದ ಬೆಳಿಗ್ಗೆ ಹೊರಟರೆ ದಫ್ತರ ತೆರೆಯುವ ಹೊತ್ತಿಗೆ ಪಣಜಿಯಲ್ಲಿರಬಹುದು. ಕಟ್ಟು ಬಿಚ್ಚುವ ಮೊದಲು 1955ರ ಮಾರ್ಗದರ್ಶಿ ಓದಿ. ಆಮೇಲೆ ನಡವಳಿಗಳ ಮೊದಲ ಸಂಪುಟ. ಅದು ಅಚ್ಚಿನಲ್ಲಿರುವುದರಿಂದ ಕೈಬರಹದ ಕಾಟವಿಲ್ಲ, ಹಳೆಯ ಪೋರ್ಚುಗೀಸಿನ ಓಟ ಕಣ್ಣಿಗೆ ರೂಢಿಯಾಗುತ್ತದೆ. ಭಾಷೆ ಕಲಿಯಲು ಹೆದರಬೇಡಿ. ಕೊಂಕಣಿ ಮನೆಮಾತಿನವರಿಗೆ ಅರ್ಧ ಪದಗಳು ಜನೇಲಿನಿಂದ ಕದೇಲಿನವರೆಗೆ ಮನೆಯಲ್ಲೇ ಇವೆ. ನಂತರ ‘ನೆರೆಯ ಅರಸರು’ ಸಾಲಿಗೆ ಹೋಗಿ. ಹೋದಾಗ ವೈಸರಾಯಿಯ ಸಹಿಯನ್ನಷ್ಟೇ ನೋಡಬೇಡಿ, ಪತ್ರ ಒಯ್ದವನು ಯಾರೆಂದು ಅದರಲ್ಲಿ ಎಲ್ಲಾದರೂ ಬರೆದಿರುತ್ತದೆ. ಅದನ್ನೂ ಗುರುತು ಹಾಕಿಕೊಳ್ಳಿ. ಭಟ್ಕಳ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರದ ಎಷ್ಟು ಮನೆತನಗಳ ಹೆಸರು ಅಲ್ಲಿವೆ ಎಂಬ ಪಟ್ಟಿ ಇನ್ನೂ ಆಗಬೇಕು.